ನೀರು ಕುಡಿ

"ಬಾಯಿ ಮುಚ್ಕೊಂಡು ಮಗ್ಗ ನೋಡೇ, ಹಾಳು ಮುಂಡೆ! ನೂಲೇನು ನಿಮ್ಮಪ್ಪನ ಮನೆಯಿಂದ ಬರುತ್ತಾ?"

ಮೇಸ್ತ್ರಿ ಇದನ್ನು ದೊಡ್ಡಕ್ಕನ ಮುಖದೆದುರು ನಿಂತು ಹೇಳಿದ. ನಮಗೆ ಯಾರಿಗೂ ಕೇಳಿಸಲಿಲ್ಲ. ಕೇಳಿಸುವುದೂ ಇಲ್ಲ. ಶೆಡ್ಡಿನ ಮಗ್ಗಗಳೆಲ್ಲ ಒಟ್ಟಿಗೆ ಬಡಿಯುವಾಗ ಪಕ್ಕದವಳ ಕಿವಿಗೆ ಬಾಯಿಟ್ಟು ಕಿರುಚಿದರೂ ಗಾಳಿ ಊದಿದಂತಾಗುತ್ತದೆ, ಅಷ್ಟೆ. ಆದರೆ ನಾವು ಓದಿಕೊಂಡೆವು. ಮುಂಡೆ ಎಂಬ ಮಾತು ತುಟಿಯ ಮೇಲೆ ಎಷ್ಟು ಚೆನ್ನಾಗಿ ಮೂಡುತ್ತದೆಂದರೆ, ಶೆಡ್ಡಿನ ಆ ತುದಿಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವವಳಿಗೂ ತಿಳಿಯುತ್ತದೆ.

ದೊಡ್ಡಕ್ಕ ಮಾತಾಡಿರಲಿಲ್ಲ. ಕೆಮ್ಮಿದ್ದಳು. ಕೆಮ್ಮಿನಲ್ಲಿ ಹೆಗಲು ಕುಣಿದು, ಕಣ್ಣು ಲಾಳಿಯಿಂದ ತಪ್ಪಿ, ಎಳೆ ಹರಿದು, ಬಟ್ಟೆಯಲ್ಲಿ ಬೆರಳಗಲದ ಬಿರುಕು ಬಿದ್ದಿತ್ತು. ಮೇಸ್ತ್ರಿ ಆ ಬಿರುಕಿನೊಳಗೆ ಬೆರಳು ತೂರಿಸಿ ಅವಳ ಮೂಗಿನ ಮುಂದೆ ಆಡಿಸಿ ಹೋದ.

ಅವನು ಬೆನ್ನು ತಿರುಗಿಸಿದ ಕೂಡಲೇ ಎದುರು ಸಾಲಿನಿಂದ ಅವಳ ಮಗಳು, ಸಣಕಲಿಯೆಂದು ನಾವು ಕಡ್ಡಿ ಎನ್ನುವವಳು, ತುಟಿ ಆಡಿಸಿದಳು: "ಅವ್ವಾ, ನೀರು ಕುಡಿ." ನಾನೂ ಹಿಂದಿನ ಮಗ್ಗದಿಂದ ಅದನ್ನೇ ಹೇಳಿದೆ. ಮೂಲೆಯ ಬಾಣಂತಿಯೂ ಹೇಳಿದಳು.

ಇದು ನಮ್ಮ ಶೆಡ್ಡಿಗೆ ಹೊಸದಾಗಿ ಬಂದವಳು ಕಲಿಯುವ ಮೊದಲ ಮಾತು. ಹತ್ತಿಯ ನವಿರು ಗಂಟಲಿಗೆ ಸಿಕ್ಕಿ ಯಾರಾದರೂ ಕೆಮ್ಮಿದರೆ, ಕಂಡವರೆಲ್ಲ ಹೇಳುತ್ತಾರೆ. ರೆಪ್ಪೆ ಬಡಿದಷ್ಟೇ ಸಲೀಸು. ಜಗಳವಾಡಿ ಮಾತು ಬಿಟ್ಟವರೂ ಇದೊಂದನ್ನು ಬಿಡುವುದಿಲ್ಲ. ಮೇಸ್ತ್ರಿ ಕೆಮ್ಮಿದರೂ ಹೇಳಿಬಿಡುತ್ತೇವೆ. ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತೇವೆ.

ದೊಡ್ಡಕ್ಕನ ಕಿವಿ ಹೋಗಿ ಬಹಳ ಕಾಲವಾಗಿತ್ತು. ಹೋದದ್ದು ಅವಳಿಗೇ ತಡವಾಗಿ ಗೊತ್ತಾಯಿತು. ಒಮ್ಮೆ ಕರೆಂಟು ಹೋಗಿ ಮಗ್ಗಗಳು ನಿಂತಾಗ ನಾವೆಲ್ಲ ಉಸಿರು ಬಿಟ್ಟು ತಲೆಯೆತ್ತಿದರೆ, ಅವಳು ಮೊದಲು ಲಾಳಿಯನ್ನು ನೋಡಿ, ಅದು ನಿಂತದ್ದನ್ನು ಕಂಡು, ಆಮೇಲೆ ತಲೆಯೆತ್ತಿದಳು. "ನಿಂತ್‌ಹೋಯ್ತಾ?" ಎಂದು ಕೇಳಿದಳು. ಆ ನಿಶ್ಶಬ್ದದಲ್ಲಿ ಅದು ತಗಡಿನ ಮೇಲೆ ಕಲ್ಲು ಬಿದ್ದಂತೆ ಕೇಳಿಸಿ ಮೇಸ್ತ್ರಿ ಬಿದ್ದು ಬಿದ್ದು ನಕ್ಕ. ಅಂದಿನಿಂದ ಅವಳು ಗಂಟಲು ಬಳಸುವುದನ್ನು ಬಿಟ್ಟಳು. ಶೆಡ್ಡಿನಲ್ಲಿ ತುಟಿ ಸಾಕಾಗಿತ್ತು. ಮನೆಯಲ್ಲಿ ಕಡ್ಡಿ ಇದ್ದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅವಳ ಎದೆಯ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಕಡ್ಡಿಗೆ ಹೇಳಿದ್ದರಂತೆ: "ಧೂಳು ಬಿಡಿಸಮ್ಮ ಮೊದ್ಲು. ಅದೇ ಧೂಳಲ್ಲಿ ನಿಂತ್ಕೊಂಡು ನನ್ನ ಮಾತ್ರೆ ನುಂಗಿದ್ರೆ ನನಗೂ ದಂಡ, ನಿಮಗೂ ದಂಡ. ಈ ವರ್ಷ ಬಿಡಿಸ್ಲಿಲ್ಲ ಅಂದ್ರೆ ಆಮೇಲೆ ಬಿಡಿಸಿ ಉಪಯೋಗ ಇಲ್ಲ." ಡಾಕ್ಟರು ಏನೆಂದರೆಂದು ಅವ್ವ ಕೇಳಿದಾಗ ಕಡ್ಡಿ ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನು ತುಟಿಯಲ್ಲಿ ಹೇಳಿದಳು. ದೊಡ್ಡಕ್ಕ ನಕ್ಕಳು. "ಧೂಳು ಬಿಟ್ಟು ಅನ್ನಕ್ಕೆಲ್ಲಿಗೆ ಹೋಗ್ಲಿ, ಅದೂ ಬರ್ಕೊಟ್ರಾ?"

ಆ ಸಮಯಕ್ಕೇ ಬಂತು ತರಬೇತಿ.

ಶೆಡ್ಡಿಗೆ ಅಂಟಿದ ನೂಲಿನ ಗೋದಾಮಿಗೆ ಸುಣ್ಣ ಬಳಿದರು. ಬಾಗಿಲ ಮೇಲೆ 'ಪ್ರದೇಶಾಭಿವೃದ್ಧಿ ದೂರಶಿಕ್ಷಣ ಮತ್ತು ವೃತ್ತಿ ತರಬೇತಿ ಕೇಂದ್ರ' ಎಂಬ ಬೋರ್ಡು. ಹೆಸರು ಗೋಡೆಗಿಂತ ಉದ್ದವಾಗಿ 'ಕೇಂದ್ರ' ಮಾತ್ರ ಮೂಲೆ ತಿರುಗಿ ಪಕ್ಕದ ಗೋಡೆಯ ಮೇಲೆ ಕೂತಿತ್ತು. ಒಳಗೊಂದು ದೊಡ್ಡ ಟೀವಿ, ಅದರ ತಲೆಯ ಮೇಲೆ ದೂರದವರಿಗೆ ನಮ್ಮನ್ನು ತೋರಿಸುವ ಪುಟ್ಟ ಕ್ಯಾಮೆರಾ. ಉದ್ಘಾಟನೆಯ ದಿನ ಶೆಡ್ಡಿನ ಧಣಿ ಬಾಗಿಲಲ್ಲೇ ನಮ್ಮನ್ನು ತಡೆದ.

"ಏಯ್, ಅಲ್ಲೇ ನಿಲ್ರೆ. ಮೈಮೇಲಿರೋ ಹತ್ತಿ ಕೊಡವ್ಕೊಂಡು ಒಳಗೆ ಬನ್ನಿ. ಧೂಳು ಕೂತ್ರೆ ಟೀವಿ ಕೆಟ್ಟುಹೋಗುತ್ತೆ."

ನಾವು ಕೊಡವಿಕೊಂಡೆವು. ಕೊಡವಿದ್ದು ನಮ್ಮ ಮೂಗಿಗೇ ಬಂತು. ಟೀವಿಗೆ ಬಟ್ಟೆಯ ಮುಸುಕು ಹೊಲಿಸಿದ್ದರು, ನಮ್ಮದೇ ಶೆಡ್ಡಿನ ಬಟ್ಟೆ.

ಹೊಳೆಯಾಚೆ ಹೊಸ ಮಿಲ್ಲು ಎದ್ದಿತ್ತು. ಅಲ್ಲಿ ಬಟ್ಟೆ ತಪಾಸಣೆಗೆ ಹೆಂಗಸರು ಬೇಕು. ಆದರೆ ಈ ತರಬೇತಿಯಲ್ಲಿ ಪಾಸಾಗಿ ಸರ್ಟಿಫಿಕೇಟು ತಂದವರನ್ನು ಮಾತ್ರ ಒಳಗೆ ಬಿಡುತ್ತಾರೆ. ನಾವು ಒಂದು ರಜೆಯ ದಿನ ಬೇಲಿಯಾಚೆ ನಿಂತು ನೋಡಿ ಬಂದಿದ್ದೆವು. ಗಾಜಿನ ಗೋಡೆ. ಒಳಗೆ ಮೇಜು, ಮೇಜಿನ ಕೆಳಗಿಂದ ಬೆಳಕು, ಆ ಬೆಳಕಿನ ಮೇಲೆ ಬಟ್ಟೆ ಮೆಲ್ಲಗೆ ಹರಿಯುತ್ತದೆ. ಹೆಂಗಸರು ತಪ್ಪು ಕಂಡಲ್ಲಿ ಸೀಮೆಸುಣ್ಣದ ಗೆರೆ ಹಾಕುತ್ತಾರೆ. ಗಾಳಿಯಲ್ಲಿ ಏನೂ ಹಾರಾಡುತ್ತಿರಲಿಲ್ಲ. ದೊಡ್ಡಕ್ಕ ಬೇಲಿಯ ತಂತಿ ಹಿಡಿದು ಬಹಳ ಹೊತ್ತು ನಿಂತಿದ್ದಳು.

"ಕೂತ್ಕೊಂಡು ಮಾಡ್ತಾರಲ್ಲೇ," ಎಂದು ತುಟಿಯಾಡಿಸಿದಳು. "ಕೆಲ್ಸಾನ ಕೂತ್ಕೊಂಡು ಮಾಡ್ತಾರೆ, ನೋಡೇ."

"ನೀನೂ ಕೂತ್ಕೊಳ್ತೀಯ ಅವ್ವಾ," ಎಂದಳು ಕಡ್ಡಿ.

ಪಾಳಿ ಮುಗಿದ ಮೇಲೆ ಪಾಠ. ಗೋಡೆಯಾಚೆ ಮುಂದಿನ ಪಾಳಿಯ ಮಗ್ಗಗಳು ಬಡಿಯುತ್ತಿರುತ್ತಿದ್ದವು. ದೂರದ ಪಟ್ಟಣದಲ್ಲಿ ಕೂತ ಮೇಷ್ಟ್ರು ಟೀವಿಯಲ್ಲಿ "ಆತ್ಮೀಯ ಕಲಿಕಾರ್ಥಿಗಳೇ" ಎಂದು ಶುರುಮಾಡಿದರೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಕೇಂದ್ರ ನೋಡಿಕೊಳ್ಳಲು ನೇಮಿಸಿದ ಹುಡುಗಿ, ಕೊರಳಲ್ಲಿ ಸದಾ ಗುರುತುಪಟ್ಟಿ ತೂಗುಹಾಕಿಕೊಂಡಿದ್ದುದರಿಂದ ನಾವು ಟ್ಯಾಗ್ ಮೇಡಂ ಎನ್ನುತ್ತಿದ್ದವಳು, ಮೊದಲ ದಿನ ಸೌಂಡು ಏರಿಸಿ ಏರಿಸಿ ಕಣ್ಣಲ್ಲಿ ನೀರು ತಂದುಕೊಂಡಳು.

"ಬಿಡಿ ಮೇಡಂ," ಎಂದಳು ಕಡ್ಡಿ. "ಅವ್ರ ಬಾಯಿ ಕಾಣ್ತಿದ್ರೆ ಸಾಕು."

ಮೇಷ್ಟ್ರ ಮೀಸೆ ಸ್ವಲ್ಪ ಅಡ್ಡ ಬರುತ್ತಿತ್ತು. ಅದಕ್ಕೂ ಒಗ್ಗಿಕೊಂಡೆವು. ಇಂಟರ್ನೆಟ್ಟು ಕೈಕೊಟ್ಟಾಗ ಅವರ ಬಾಯಿ ಅರ್ಧಕ್ಕೆ ತೆರೆದು ನಿಂತುಬಿಡುತ್ತಿತ್ತು, ಆಗ ಬಾಣಂತಿ, "ಅಯ್ಯೋ, ಮೇಷ್ಟ್ರಿಗೂ ನವಿರು ಸಿಕ್ಕಾಕ್ಕೊಳ್ತು. ನೀರು ಕುಡೀರಿ ಸಾ," ಎನ್ನುವಳು. ನಾವು ನಗುತ್ತಿದ್ದೆವು. ದೊಡ್ಡಕ್ಕ ಮುಂದಿನ ಚಾಪೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಒಂದು ಪಾಠವನ್ನೂ ತಪ್ಪಿಸಲಿಲ್ಲ. ಜೀವನದಲ್ಲಿ ಯಾರೋ ಒಬ್ಬ ಗಂಡಸು ಬೈಯದೆ ಅಷ್ಟು ಹೊತ್ತು ತನ್ನ ಕಡೆ ಮುಖ ಮಾಡಿ ಮಾತಾಡಿದ್ದು ಇದೇ ಮೊದಲು ಎಂದು ಒಮ್ಮೆ ನನಗೆ ಹೇಳಿದಳು. ತಮಾಷೆಗೆ ಹೇಳಿದಳೆಂದು ನಾನು ನಕ್ಕೆ. ಅವಳು ನಗಲಿಲ್ಲ.

ಪರೀಕ್ಷೆಯ ದಿನ ಮಗ್ಗ ನಿಲ್ಲಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಧಣಿ ಹಲ್ಲು ಕಡಿಯುತ್ತಲೇ ನಿಲ್ಲಿಸಿದ. ಒಬ್ಬೊಬ್ಬರಿಗೆ ಒಂದೊಂದು ಟ್ಯಾಬು. ಅದರ ಮೇಲೆ ಬಟ್ಟೆಯ ಚಿತ್ರ ಬರುತ್ತದೆ. ತಪ್ಪಿರುವ ಜಾಗವನ್ನು ಬೆರಳಿನಿಂದ ಮುಟ್ಟಬೇಕು. ಮೂಲೆಯಲ್ಲಿ ನಮ್ಮದೇ ಮುಖ ಚಿಕ್ಕದಾಗಿ ಕಾಣುತ್ತಿತ್ತು. ಮೊದಲಿಗೆ ಒಂದು ಹೆಣ್ಣುದನಿ ನಿಯಮ ಹೇಳಿತು. ದನಿ ಮಾತ್ರ, ಮುಖವಿರಲಿಲ್ಲ.

ದನಿಗೆ ಮುಖವಿಲ್ಲದ್ದರಿಂದ ದೊಡ್ಡಕ್ಕನಿಗೆ ಏನೂ ತಿಳಿಯಲಿಲ್ಲ. ಅವಳು ಕಡ್ಡಿಯ ಕಡೆ ನೋಡಿದಳು. ಕಡ್ಡಿ ತುಟಿಯಾಡಿಸಿ ತಿಳಿಸಿದಳು: "ಬಾಯಿ ಅಲ್ಲಾಡಿಸಬಾರ್ದಂತೆ ಅವ್ವಾ. ಕ್ಯಾಮೆರಾ ನೋಡ್ತಿರುತ್ತಂತೆ."

ಕಡ್ಡಿಯ ಟ್ಯಾಬಿನ ಮೂಲೆಯಲ್ಲಿದ್ದ ಮುಖದ ಬಾಯಿಯ ಸುತ್ತ ಒಂದು ಕೆಂಪು ಚೌಕ ಮೂಡಿ ಮಾಯವಾಯಿತು. ಏನೋ ಅಲಂಕಾರವಿರಬೇಕೆಂದುಕೊಂಡೆವು.

ಚಿತ್ರಗಳು ಬರತೊಡಗಿದವು. ಎಣ್ಣೆಯ ಕಲೆ, ತಪ್ಪಿದ ಎಳೆ, ಅಂಚಿನ ಸಡಿಲ. ಬೆರಳುಗಳು ಓಡುತ್ತಿದ್ದವು. ದೊಡ್ಡಕ್ಕ ಚಿತ್ರವನ್ನು ಮುಟ್ಟುವ ಮೊದಲು ಪ್ರತಿಸಲವೂ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಆಗ ಅವಳಿಗೆ ಕೆಮ್ಮು ಬಂತು.

ನಾವು ಆ ಕೆಮ್ಮನ್ನು ದಿನಾ ಕಂಡಿದ್ದೆವು. ಕೇಳಿರಲಿಲ್ಲ. ನಾವಿರುವ ಸಾಲುಮನೆಗಳವರೆಗೂ ಮಗ್ಗದ ಬಡಿತ ಬರುವ ಜಾಗದಲ್ಲಿ ಯಾರ ಕೆಮ್ಮು ಯಾರಿಗೆ ಕೇಳಿಸುತ್ತದೆ? ಅದು ಗಂಟಲಿನಿಂದ ಬರುತ್ತಿರಲಿಲ್ಲ. ಒದ್ದೆ ಗೋಣಿಯನ್ನು ನೆಲದ ಮೇಲೆ ಎಳೆದಂತೆ ಎಲ್ಲೋ ಒಳಗಿನಿಂದ ಬರುತ್ತಿತ್ತು. ಬಾಣಂತಿಯ ಬೆರಳು ಟ್ಯಾಬಿನ ಮೇಲೆ ನಿಂತುಬಿಟ್ಟಿತು. ಇದು ಇಷ್ಟೂ ದಿನ ನಮ್ಮ ಪಕ್ಕದಲ್ಲೇ ಇತ್ತೇ?

ನಾವೆಲ್ಲ ತಲೆಯೆತ್ತಿದೆವು. ಎಲ್ಲರ ತುಟಿಯೂ ಒಟ್ಟಿಗೆ ಆಡಿತು.

ನೀರು ಕುಡಿ.

ಎಲ್ಲ ಟ್ಯಾಬುಗಳಲ್ಲೂ ಕೆಂಪು ಚೌಕ ಮೂಡಿತು. ಈ ಸಲ ಮಾಯವಾಗಲಿಲ್ಲ.

ಫಲಿತಾಂಶ ಓದಲು ಧಣಿಯೇ ಶೆಡ್ಡಿಗೆ ಬಂದ. ಮೇಸ್ತ್ರಿ ಹಿಂದಿನಿಂದ ಓಡಿಬಂದು ಮಗ್ಗಗಳ ಸ್ವಿಚ್ಚು ಇಳಿಸಿದ.

"ಕಳ್ಳ ಮುಂಡೇರಾ!" ಎಂದ ಧಣಿ. "ನಿಮ್ಮನ್ನ ಉದ್ಧಾರ ಮಾಡೋಕೆ ಹೋದ್ನಲ್ಲ, ನನ್ನ ಮೆಟ್ಟಲ್ಲಿ ನಾನೇ ಹೊಡ್ಕೋಬೇಕು. ಇಡೀ ಬ್ಯಾಚು ಕಾಪಿ ಹೊಡೆದಿದೆಯಂತೆ! ಒಂದೇ ಸಮಯಕ್ಕೆ ಎಲ್ರ ಬಾಯೂ ಒಂದೇ ಉತ್ತರ ಹೇಳಿದೆ ಅಂತ ಅಲ್ಲಿಂದ ವಿಡಿಯೋ ಕಳಿಸವ್ರೆ. ಯಾವ್ದಮ್ಮ ಆ ಉತ್ತರ? ನನಗೂ ಸ್ವಲ್ಪ ಹೇಳ್ರಿ, ಕೇಳೋಣ."

"ಉತ್ತರ ಅಲ್ಲ ಸಾಮಿ," ಎಂದೆ ನಾನು. "ನೀರು ಕುಡಿ ಅಂದ್ವಿ."

"ಏನಂದೆ?"

"ದೊಡ್ಡಕ್ಕಂಗೆ ಕೆಮ್ಮು ಬಂತು. ನೀರು ಕುಡಿ ಅಂತ..."

ಮೇಸ್ತ್ರಿ ನಕ್ಕ. ಧಣಿಯೂ ನಕ್ಕ. "ಎಲ್ಲಾ ಕೂತ್ಕೊಂಡು ಚೆನ್ನಾಗಿ ಕಟ್ಟಿದೀರ ಕಥೆ. ಅಲ್ಲ ಕಣೇ, ಕೆಮ್ಮಿದವಳಿಗೆ ಬಾಯಾರಿದ್ರೆ ಅವಳೇ ಕುಡೀತಾಳೆ. ಇಡೀ ಕ್ಲಾಸು ಯಾಕೆ ಹೇಳ್ಬೇಕು?"

ಯಾಕೆ ಹೇಳುತ್ತೇವೆಂದು ನಮಗೂ ಗೊತ್ತಿರಲಿಲ್ಲ.

ಟ್ಯಾಗ್ ಮೇಡಂ ದೂರದ ಮೇಷ್ಟ್ರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ನಮ್ಮೆದುರೇ ಮಾತಾಡಿದಳು. ಅವರು ಕೆಟ್ಟವರಲ್ಲ. ಮರುಗಿದರು. "ನಾನು ಪಾಠ ಮಾಡೋನಮ್ಮಾ. ನಿಗಾ ಇಡೋದು ಯಂತ್ರ. ಅದು ಹಾಕಿದ ಗುರುತನ್ನ ಅಳಿಸೋ ಅಧಿಕಾರ ನನಗಿಲ್ಲ," ಎಂದರು. ಮತ್ತೆ, "ಮುಂದಿನ ಚಾಪೆಯಲ್ಲಿ ಒಬ್ಬ ವಯಸ್ಸಾದ ಅಮ್ಮ ಕೂತ್ಕೋತಾರಲ್ಲ, ಅವರನ್ನ ಕೇಳಿದೆ ಅಂತ ಹೇಳಿ," ಎಂದರು. ಕಡ್ಡಿ ಅದನ್ನು ಅವ್ವನಿಗೆ ತುಟಿಯಲ್ಲಿ ದಾಟಿಸಿದಳು. ದೊಡ್ಡಕ್ಕ ಸೆರಗು ಸರಿಮಾಡಿಕೊಂಡಳು.

ಮೇಲಿನವರು ಕೊಟ್ಟ ಒಂದು ದಾರಿ ಉಳಿದಿತ್ತು. ಉತ್ತರ ಹೇಳಿಕೊಟ್ಟವಳು ಯಾರೆಂದು ಎಲ್ಲರೂ ಕ್ಯಾಮೆರಾದ ಮುಂದೆ ಹೇಳಿದರೆ, ಅವಳೊಬ್ಬಳನ್ನು ಶಾಶ್ವತವಾಗಿ ತೆಗೆದುಹಾಕಿ ಉಳಿದವರಿಗೆ ಮತ್ತೆ ಪರೀಕ್ಷೆ. ಧಣಿಗೂ ಅದೇ ಬೇಕಿತ್ತು. ಪಾಸಾದವರ ಫೋಟೋ ಇಲ್ಲದೆ ಅವನ ಕೇಂದ್ರ ಮುಂದಿನ ವರ್ಷಕ್ಕೆ ಉಳಿಯುತ್ತಿರಲಿಲ್ಲ.

"ಹೇಗೂ ಆ ಮುದುಕೀನೇ ಎಲ್ಲಕ್ಕೂ ಮೂಲ," ಎಂದ ಮೇಸ್ತ್ರಿ. "ಕಿವೀನೂ ಇಲ್ಲ, ಎದೆಗೂಡೂ ಇಲ್ಲ. ಸರ್ಟಿಫಿಕೇಟು ತಗೊಂಡು ಏನು ಗೋರಿಗೆ ಅಂಟಿಸ್ಕೋತಾಳಾ? ಅವಳ ಹೆಸರು ಹೇಳಿ ಕೈ ತೊಳ್ಕೊಳ್ರೆ."

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ದೊಡ್ಡಕ್ಕ ನಮ್ಮ ಕೊಡಗಳಿಗೆ ಅಡ್ಡ ನಿಂತಳು. ತುಟಿಯಲ್ಲೇ ಮಾತಾಡಿದಳು, ಆದರೆ ಬೈದಂತೆ ಮಾತಾಡಿದಳು.

"ನನ್ನ ಹೆಸರು ಹೇಳ್ರೆ. ನೀವ್ಯಾರೂ ಸೀತೆ ಸಾವಿತ್ರಿ ಆಗ್ಬೇಡಿ. ನಿನಗೆ ಮಗು ಐತೆ," ಎಂದು ಬಾಣಂತಿಗೆ. "ನಿನ್ನ ಗಂಡ ಹಾಸಿಗೆ ಹಿಡಿದವ್ನೆ," ಎಂದು ನನಗೆ. ಮಗಳ ಕಡೆ ತಿರುಗಿ, "ನಿನಗೂ ಬೆಳಿಗ್ಗೆ ಎದ್ದ ಕೂಡ್ಲೇ ಕೆಮ್ಮು ಶುರುವಾಗೈತೆ. ಕಿವಿ ಇಲ್ದಿದ್ರೆ ಕಣ್ಣಿಲ್ವೇನೇ ನನಗೆ? ಹಿತ್ತಲಿಗೆ ಹೋಗಿ ಗೋಡೆ ಹಿಡ್ಕೊಂಡು ಕೆಮ್ತೀಯಲ್ಲ, ನಿನ್ನ ಬೆನ್ನು ಕಾಣಲ್ವಾ?"

ಕಡ್ಡಿ ಕೊಡದ ಬಾಯಿ ನೋಡುತ್ತಿದ್ದಳು.

"ನನ್ನ ಕಡೆ ನೋಡೇ. ನೋಡದಿದ್ರೆ ನಾನು ಹೇಗೆ ಮಾತಾಡ್ಲಿ?"

ಕಡ್ಡಿ ನೋಡಲಿಲ್ಲ. ಕೊಡ ತುಂಬಿ ಹರಿಯುತ್ತಿತ್ತು. ಅವ್ವನ ಮಾತು ನಿಲ್ಲಿಸಲು ಅವಳಿಗೆ ಅದೊಂದೇ ದಾರಿ. ದೊಡ್ಡಕ್ಕ ಅವಳ ಗದ್ದ ಹಿಡಿದು ಮುಖ ಎತ್ತಿದಳು. ಕಡ್ಡಿ ಕಣ್ಣು ಮುಚ್ಚಿಕೊಂಡಳು.

ಹೇಳಿಕೆ ತೆಗೆದುಕೊಳ್ಳುವ ದಿನ ಮತ್ತೆ ಮಗ್ಗ ನಿಲ್ಲಿಸಿದರು. ಕೇಂದ್ರದ ನಡುವೆ ಒಂದು ಕುರ್ಚಿ. ಎದುರಿಗೆ ಟೀವಿಯ ಮೇಲಿನ ಅದೇ ಕ್ಯಾಮೆರಾ. ಅದು ಕಂಡದ್ದು ಗೋಡೆಯ ಟೀವಿಯಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಧಣಿ, ಮೇಸ್ತ್ರಿ ಟೀವಿಯ ಪಕ್ಕ ಕೂತಿದ್ದರು. ಟ್ಯಾಗ್ ಮೇಡಂ ತಲೆಯೆತ್ತದೆ ಹೇಳಿದಳು: "ಒಬ್ಬೊಬ್ರೇ ಬಂದು ಕೂತ್ಕೊಳ್ಳಿ. ಹೇಳಿಕೊಟ್ಟವರ ಹೆಸರು ಹೇಳಿ. ಬೇರೆ ಏನೂ ಬೇಡ. ಬೇಗ ಮುಗಿಯುತ್ತೆ."

ಮೊದಲು ಕಡ್ಡಿಯನ್ನು ಕೂರಿಸಿದರು. ಮಗಳೇ ಹೇಳಿದರೆ ಉಳಿದವರಿಗೆ ಸುಲಭವೆಂದು ಮೇಸ್ತ್ರಿಯ ಲೆಕ್ಕ. ಅವಳ ಮುಖ ಟೀವಿಯ ತುಂಬ ಬಂತು. ಅವಳು ಅಷ್ಟು ಚೆಲುವೆಯೆಂದು ನಾನು ಯಾವತ್ತೂ ಗಮನಿಸಿರಲಿಲ್ಲ. ಹುಬ್ಬಿನ ಮೇಲೆ ಒಂದು ಹತ್ತಿಯ ಎಳೆ ಇನ್ನೂ ಅಂಟಿಕೊಂಡಿತ್ತು.

"ಹೇಳಮ್ಮ," ಎಂದ ಧಣಿ.

ಕಡ್ಡಿ ಕ್ಯಾಮೆರಾವನ್ನು ನೋಡಿ ಬಾಯಿ ತೆರೆದಳು. ದನಿ ಇರಲಿಲ್ಲ. ತುಟಿ ಮಾತ್ರ, ನಿಧಾನವಾಗಿ, ಹೊಸಬಳಿಗೆ ಕಲಿಸುವಾಗ ಮಾಡುವ ಹಾಗೆ.

ನೀರು ಕುಡಿ, ಅವ್ವಾ.

ಟೀವಿಯಲ್ಲಿ ಅವಳ ಬಾಯಿಯ ಸುತ್ತ ಕೆಂಪು ಚೌಕ ಬಿತ್ತು.

"ಸೌಂಡೇ ಬರ್ತಿಲ್ವಲ್ಲ!" ಎಂದ ಮೇಸ್ತ್ರಿ. ಟ್ಯಾಗ್ ಮೇಡಂ ಮೈಕನ್ನು ತಟ್ಟಿದಳು. ಟಪ್ ಟಪ್ ಎಂದು ಅದು ಸರಿಯಾಗಿಯೇ ಕೇಳಿಸಿತು. ಗೋಡೆಗೆ ಒರಗಿ ನಿಂತಿದ್ದ ದೊಡ್ಡಕ್ಕ ಎರಡೂ ಕೈಯಲ್ಲಿ ಹಣೆ ಚಚ್ಚಿಕೊಂಡಳು. ಅವಳ ತುಟಿ ಬೇಡುತ್ತಿತ್ತು: "ಹೇಳೇ. ನನ್ನ ಹೆಸರು ಹೇಳೇ, ನನ್ನ ತಾಯೀ. ನಿನ್ನ ಕಾಲಿಗೆ ಬೀಳ್ತೀನಿ."

ಕಡ್ಡಿ ಅವಳತ್ತ ತಿರುಗಿ ಮತ್ತೆ ಅದನ್ನೇ ಹೇಳಿದಳು.

"ಮೂಗಿ ಆಗ್ಬಿಟ್ಳೇನೋ ಇವ್ಳು?" ಧಣಿ ಎದ್ದ. ಮೇಸ್ತ್ರಿ ಅವನಿಗಿಂತ ಮೊದಲು ಎದ್ದು ಕಡ್ಡಿಯ ಜಡೆಗೆ ಕೈಹಾಕಿ ಮುಖವನ್ನು ಕ್ಯಾಮೆರಾದ ಕಡೆಗೆ ತಿರುಗಿಸಿದ. "ಬೊಗಳೇ!"

ಆಗ ದೊಡ್ಡಕ್ಕ ನಡುವೆ ಬಂದಳು. ಮೇಸ್ತ್ರಿಯ ಕೈಯನ್ನು ಕಿತ್ತು, ಮಗಳನ್ನು ಕುರ್ಚಿಯಿಂದ ತಳ್ಳಿ, ತಾನೇ ಕೂತಳು. ಬಹಳ ಕಾಲದಿಂದ ಮುಚ್ಚಿಟ್ಟಿದ್ದ ಆ ಗಂಟಲು ತೆರೆಯಿತು. ಎಷ್ಟು ಜೋರಿರಬೇಕೆಂದು ತಿಳಿಯದ ದನಿ ಅದು, ಒಡಕು ತಗಡಿನಂಥದು. ಧಣಿ ಒಂದು ಹೆಜ್ಜೆ ಹಿಂದೆ ಸರಿದ.

"ನಾನೇ! ನಾನೇ ಹೇಳ್ಕೊಟ್ಟೆ! ಎಲ್ರಿಗೂ ನಾನೇ! ಕಳ್ಳಿ ನಾನು! ನನ್ನ ಮಗಳನ್ನ ಪಾಸ್ ಮಾಡಿ ಸಾಮೀ! ಅವಳನ್ನ ಅಲ್ಲಿ ಕೂರ್ಸಿ! ಆ ಗಾಜಿನ ಮನೇಲಿ ಕೂರ್ಸಿ!"

ಕೋಣೆಯಲ್ಲಿ ಆ ದನಿ ಬಹಳ ಹೊತ್ತು ಉಳಿಯಿತು.

"ಬಂತಾ?" ಎಂದು ಧಣಿ ಕೇಳಿದ.

"ಬಂತು ಸರ್," ಎಂದಳು ಟ್ಯಾಗ್ ಮೇಡಂ. ಅವಳ ಮೂಗು ಕೆಂಪಾಗಿತ್ತು. "ಪೂರ್ತಿ ದಾಖಲಾಯ್ತು."

"ಅಷ್ಟೇ ತಾನೆ? ಇದನ್ನ ಮೊದ್ಲೇ ಮಾಡಿದ್ರೆ ಆಗ್ತಿರ್ಲಿಲ್ವಾ? ಹೋಗ್ರೆ, ಮಗ್ಗ ಹಾಕ್ರೆ."

ದೊಡ್ಡಕ್ಕ ಎದ್ದೇಳಲು ಹೋದಳು. ಅಷ್ಟು ಕೂಗಿದ್ದಕ್ಕೆ ಎದೆ ಲೆಕ್ಕ ಕೇಳಿತು. ಕೆಮ್ಮು ಬಂತು. ಕುರ್ಚಿಯ ಮೇಲೇ ಎರಡು ಮಡಿಕೆಯಾದಳು. ಒದ್ದೆ ಗೋಣಿ ಎಳೆದಂಥ ಅದೇ ಸದ್ದು. ಈ ಸಲ ನಡುವೆ ಉಸಿರು ತೆಗೆದುಕೊಳ್ಳಲೂ ಬಿಡಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ತೆಗೆದಾಗ ಅದನ್ನು ಮಡಿಚಿ ಒಳಗೆ ಮಾಡಿದಳು, ಕಡ್ಡಿಗೆ ಕಾಣದ ಹಾಗೆ. ನನಗೆ ರಕ್ತದ ಕಲೆ ಕಂಡಿತು.

ನಾವು ಅವಳ ಸುತ್ತ ಬಂದು ನಿಂತೆವು. ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಟೀವಿಯಲ್ಲಿ ನಾವೆಲ್ಲರೂ ಕಾಣುತ್ತಿದ್ದೆವು. ಪರೀಕ್ಷೆಯ ದಿನ ಆ ಕೆಂಪು ಚೌಕದ ಅರ್ಥ ನಮಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಿತ್ತು. ಬಾಣಂತಿ ಒಮ್ಮೆ ಟೀವಿಯನ್ನು ನೋಡಿದಳು, ಒಮ್ಮೆ ನನ್ನನ್ನು. ಹಾಸಿಗೆಯ ಮೇಲಿರುವ ನನ್ನ ಗಂಡ ನೆನಪಾದ. ಬೆಳಕಿನ ಮೇಜು ನೆನಪಾಯಿತು.

ಕಡ್ಡಿಯ ತುಟಿ ಆಡಿತು. ಬಾಣಂತಿಯದು ಆಡಿತು. ನನ್ನದು ಆಡಿತು. ಮೂಲೆಯಲ್ಲಿದ್ದವರೂ ಮುಂದೆ ಬಂದರು.

"ಅಯ್ಯೋ ನಿಲ್ಸಿ!" ಟ್ಯಾಗ್ ಮೇಡಂ ಕೂಗಿದಳು. "ಇನ್ನೂ ಆನ್ ಇದೆ, ಎಲ್ಲಾ ಅಲ್ಲಿಗೆ ಹೋಗ್ತಿದೆ! ದೊಡ್ಡಕ್ಕ ಒಪ್ಕೊಂಡಿದ್ದೂ ದಂಡ ಆಗುತ್ತೆ, ಎಲ್ರೂ ಫೇಲ್ ಆಗ್ತೀರ! ದಯವಿಟ್ಟು!"

"ಬಾಯಿ ಮುಚ್ರೇ!" ಎಂದ ಮೇಸ್ತ್ರಿ. ಮಗ್ಗವಿಲ್ಲದ ಕೋಣೆಯಲ್ಲಿ ಅವನ ದನಿ ತೆಳ್ಳಗೆ, ಕೀರಲಾಗಿ ಕೇಳಿಸಿತು. ಇಷ್ಟು ಕಾಲ ಅವನ ತುಟಿಗೆ ನಾವೇ ಒಂದು ದಪ್ಪ ದನಿ ಕೊಟ್ಟುಕೊಂಡಿದ್ದೆವು.

ಕಡ್ಡಿ ಧಣಿಯ ಮುಂದಿದ್ದ ಲೋಟ ತೆಗೆದು ಅವ್ವನ ಬಾಯಿಗೆ ಹಿಡಿದಳು. ದೊಡ್ಡಕ್ಕನ ಹಲ್ಲು ಲೋಟದ ಅಂಚಿಗೆ ಬಡಿಯುತ್ತಿತ್ತು. ನೀರು ಒಳಗೆ ಹೋಗಲಿಲ್ಲ. ಗದ್ದದಿಂದ ಇಳಿದು ನೆಲದ ಮೇಲೆ ಹರಿಯಿತು. ಟೀವಿಯಲ್ಲಿ ಒಂದೊಂದೇ ಕೆಂಪು ಚೌಕ ಮೂಡತೊಡಗಿತು, ಮೊದಲು ಕಡ್ಡಿಯ ಬಾಯಿಗೆ, ಆಮೇಲೆ ನಮ್ಮೆಲ್ಲರ ಬಾಯಿಗೆ.

ಯಾರೂ ಬಾಯಿ ಮುಚ್ಚಲಿಲ್ಲ.